ಪಕ್ಕದ ಮಾಳಿಗೆಯಿಂದ ಕಂಡ ಬೇವು

ಬೇವಿನ ಎಲೆ ಉದುರುವ ಕಾಲಕ್ಕೂ ನೆರೆಹೊರೆಯ ಮನಸ್ತಾಪಕ್ಕೂ ಏನೋ ನಂಟಿದೆ. ಶಿವರಾತ್ರಿಯ ಆಸುಪಾಸಿನಿಂದ ಯುಗಾದಿಯವರೆಗೆ ಬೇವು ತನ್ನ ಹಳೆಯ ಎಲೆಗಳನ್ನೆಲ್ಲ ಕೊಡವಿಕೊಳ್ಳುತ್ತದೆ. ಕಾಂಪೌಂಡ್ ಯಾರದು, ಮಾಳಿಗೆ ಯಾರದು ಎಂದು ಅದು ನೋಡುವುದಿಲ್ಲ. ನೆರಳು ಒಬ್ಬರ ಅಂಗಳಕ್ಕೆ, ಕಸ ಇನ್ನೊಬ್ಬರ ಮಾಳಿಗೆಗೆ ಬಿದ್ದರೆ ಮಾತು ಬೆಳೆಯಲು ಅಷ್ಟು ಸಾಕು.

ನಮ್ಮ ಮನೆ ಇರುವುದು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದ ಅಂಚಿನ ಒಂದು ಬೀದಿಯಲ್ಲಿ. ಲಾರಿ ಓಡಾಟ, ದೂಳು, ತಗಡಿನ ಶೆಡ್ಡುಗಳ ಝಳ ನಮಗೆ ದಿನನಿತ್ಯದ್ದು. ಏಪ್ರಿಲ್ ಬಂತೆಂದರೆ ಮಧ್ಯಾಹ್ನ ಬೀದಿಯಲ್ಲಿ ನಾಯಿಯೂ ಕಾಣುವುದಿಲ್ಲ. ಅಂಥ ಜಾಗದಲ್ಲಿ ನಮ್ಮ ಅಪ್ಪಾಜಿ ಮನೆಗೆ ಪಾಯ ಹಾಕುವ ಮೊದಲೇ ಒಂದು ಬೇವಿನ ಸಸಿ ನೆಟ್ಟಿದ್ದರು. ಈಗ ಅದಕ್ಕೆ 30 ವರ್ಷ ದಾಟಿದೆ. ಶಿಫ್ಟ್ ಮುಗಿಸಿ ಬರುವವರು ಅದರ ಕೆಳಗೆ ಸೈಕಲ್ ನಿಲ್ಲಿಸಿ ಬೆವರು ಒರೆಸಿಕೊಳ್ಳುತ್ತಾರೆ. ಯುಗಾದಿಯ ಬೆಳಗ್ಗೆ ಬೀದಿಯ ಅರ್ಧ ಮನೆಗಳಿಗೆ ಬೇವಿನ ಹೂವು ಹೋಗುವುದು ಅಲ್ಲಿಂದಲೇ. ನಮ್ಮ ಕಡೆ ಮರಕ್ಕೂ ಗಿಡ ಅಂತಲೇ ಅನ್ನುತ್ತಾರೆ. ಹಾಗಾಗಿ ಎಷ್ಟು ಎತ್ತರ ಬೆಳೆದರೂ ಅದು ಎಲ್ಲರ ಬಾಯಲ್ಲಿ 'ಬೇವಿನ ಗಿಡ'ವೇ.

ಒಂದು ಮಾರ್ಚ್ ತಿಂಗಳಲ್ಲಿ ಪಕ್ಕದ ಮನೆಯ ಅಣ್ಣಾರು ಗೇಟಿನ ಹತ್ತಿರ ನಿಂತು ಹೇಳಿದರು: "ನೋಡ್ರಿ, ನಿಮ್ಮ ಗಿಡದ ಎಲೆ ಹೊಡೆದೂ ಹೊಡೆದೂ ಸಾಕಾಗಿದೆ. ಮಳೆ ಪೈಪು ಕಟ್ಟಿದೆ. ಗೋಡೆ ಬಿರುಕು ಬಿಟ್ಟಿದೆ. ಕೊಂಬೆ ವೈರಿಗೆ ತಾಗ್ತದೆ. ಕಡಿಸಿಬಿಡ್ರಿ. ಬೇಕಾದ್ರೆ ಅರ್ಧ ಖರ್ಚು ನಾನು ಕೊಡ್ತೀನಿ."

ದನಿ ಏರಿರಲಿಲ್ಲ. ಅದೇ ನನಗೆ ಹೆಚ್ಚು ಯೋಚನೆಗಿಟ್ಟಿತು. ಸಿಟ್ಟಿನಲ್ಲಿ ಹೇಳಿದ್ದು ನಾಲ್ಕು ದಿನಕ್ಕೆ ಆರುತ್ತದೆ. ಅರ್ಧ ಖರ್ಚಿನ ಲೆಕ್ಕ ಹಾಕಿಕೊಂಡು ಬಂದವರು ತಿಂಗಳುಗಟ್ಟಲೆ ಯೋಚಿಸಿರುತ್ತಾರೆ.

ಮನೆಯೊಳಗೆ ಬೇರೆಯದೇ ಗದ್ದಲ. "ಬೇವಿಗೆ ಕೊಡಲಿ ಹಾಕೋದಾ? ಅದು ಅಮ್ಮನ ಗಿಡ" ಎಂದು ಅವ್ವ ಎದ್ದು ನಿಂತರು. ಎರಡು ವರ್ಷಕ್ಕೊಮ್ಮೆ ನಗರದೇವತೆ ದುರ್ಗಾಂಬಿಕೆಯ ಜಾತ್ರೆ ನಡೆಯುವ ಊರು ನಮ್ಮದು. ಬೇವು ಇಲ್ಲದ ದೇವಿಪೂಜೆ ಅವ್ವನಿಗೆ ಗೊತ್ತಿಲ್ಲ. ಮಗಳು ಜೋಕಾಲಿಯ ಹಗ್ಗ ಹಿಡಿದು ಅಳುತ್ತಾ ಕೂತಳು. ಇತ್ತ ಅಣ್ಣಾರ ಮಾತನ್ನು ತಳ್ಳಿಹಾಕುವಂತೆಯೂ ಇರಲಿಲ್ಲ. ಅಪ್ಪಾಜಿಗೆ ಹುಷಾರಿಲ್ಲದಾಗ ರಾತ್ರಿ ಎರಡು ಗಂಟೆಗೆ ಆಟೋ ತಂದವರು ಅವರೇ.

ಮರುದಿನ ಬೆಳಗ್ಗೆ ಅವರ ಮನೆಗೆ ಹೋಗಿ, "ಅಣ್ಣಾರೆ, ನಿಮ್ಮ ಮಾಳಿಗೆ ಮೇಲೆ ಹೋಗಿ ಒಂದ್ಸಲ ನೋಡ್ಲಾ?" ಎಂದು ಕೇಳಿದೆ. ಇಷ್ಟು ವರ್ಷ ನಮ್ಮ ಮರವನ್ನು ನಾವು ಕೆಳಗಿನಿಂದ ನೋಡಿದ್ದೆವು. ಅಲ್ಲಿಂದ ನೋಡಿದಾಗ ಅದು ಬೇರೆಯೇ ಮರ. ನಮಗೆ ಕಾಣುವುದು ಬುಡ, ನೆರಳು, ಜೋಕಾಲಿ. ಅವರಿಗೆ ಕಾಣುವುದು ಮಾಳಿಗೆಯ ಮೂಲೆಯಲ್ಲಿ ಅರ್ಧ ಅಡಿ ಎಲೆ, ಪೈಪಿನ ಬಾಯಿ ಮುಚ್ಚಿದ ಕೊಳೆ, ತಲೆಯ ಮೇಲೆ ಚಾಚಿದ ಒಂದು ದಪ್ಪ ಕೊಂಬೆ. ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ: ಎಲೆ, ಗೋಡೆ, ವೈರು, ಕೊಂಬೆ. ದೂರು ಒಂದೇ ಆಗಿದ್ದರೂ ಅದರೊಳಗೆ ನಾಲ್ಕು ತೊಂದರೆಗಳಿದ್ದವು. ನಾಲ್ಕಕ್ಕೂ ಮದ್ದು ಒಂದೇ ಆಗಿರಬೇಕಿಲ್ಲ.

ಮೊದಲು ಎಲೆ. ಬೇವು ವರ್ಷವಿಡೀ ಎಲೆ ಉದುರಿಸುವುದಿಲ್ಲ. ಜೋರಾಗಿ ಉದುರುವುದು ಕೆಲವೇ ವಾರ. ಆಮೇಲೆ ಮಳೆಗಾಲದ ಆರಂಭದಲ್ಲಿ ಹಣ್ಣು ಬಿದ್ದು ನೊಣ ಮುತ್ತುತ್ತವೆ. ಆ ಎರಡು ಕಾಲದಲ್ಲಿ ವಾರಕ್ಕೊಮ್ಮೆ ಅವರ ಮಾಳಿಗೆ ಗುಡಿಸುವ ಕೆಲಸ ನಮ್ಮದು ಎಂದು ಒಪ್ಪಿಕೊಂಡು, ಕ್ಯಾಲೆಂಡರಿನ ಭಾನುವಾರಗಳಿಗೆ ಗುರುತು ಹಾಕಿದೆವು. ಪೈಪಿನ ಬಾಯಿಗೆ ಜಾಲರಿ, ನೀರಿನ ಟ್ಯಾಂಕಿಗೆ ಸರಿಯಾದ ಮುಚ್ಚಳ ಹಾಕಿಸಿದೆವು. ಎಲೆಗೆ ಬೆಂಕಿ ಇಡದೆ ನಮ್ಮ ಹಿತ್ತಿಲ ಗುಂಡಿಯಲ್ಲಿ ಗೊಬ್ಬರಕ್ಕೆ ಹಾಕಿದೆವು. ಅಕ್ಕಾರು ಒಣಗಿದ ಎಲೆ ಒಂದು ಚೀಲ ಕೇಳಿ ತೆಗೆದುಕೊಂಡರು. ಜೋಳ, ಕಾಳಿನ ಡಬ್ಬಿಗೆ ಹುಳ ಬೀಳದಂತೆ ಬೇವಿನೆಲೆ ಹಾಕುವುದು ಹಳೆಯ ರೂಢಿ.

ಎರಡನೆಯದು ಗೋಡೆ. ಕಾಂಪೌಂಡ್ ಗೋಡೆಯಲ್ಲಿ ಬೆರಳು ತೂರುವಷ್ಟು ಬಿರುಕಿತ್ತು. ಬೇರು ಗೋಡೆಯನ್ನು ಒಡೆಯಿತು ಎಂದು ಮೇಲ್ನೋಟಕ್ಕೆ ಯಾರಾದರೂ ಹೇಳಿಯಾರು. ಆದರೆ ನಮ್ಮದು ಎರೆ ಭೂಮಿ. ಎರೆ ಮಣ್ಣು ಬೇಸಿಗೆಯಲ್ಲಿ ಕುಗ್ಗಿ ಬಾಯಿ ಬಿಡುತ್ತದೆ, ಮಳೆಗಾಲದಲ್ಲಿ ನೀರು ಕುಡಿದು ಉಬ್ಬುತ್ತದೆ. ಅದರ ಮೇಲೆ ಆಳವಿಲ್ಲದ ಪಾಯದ ಗೋಡೆ ಕಟ್ಟಿದರೆ ಮರ ಇದ್ದರೂ ಬಿರುಕು, ಇಲ್ಲದಿದ್ದರೂ ಬಿರುಕು. ಹಾಗಂತ ಮರ ಪೂರ್ತಿ ನಿರಪರಾಧಿಯೂ ಅಲ್ಲ. ಬೇರು ನೀರು ಹೀರಿ ಮಣ್ಣನ್ನು ಇನ್ನಷ್ಟು ಒಣಗಿಸುತ್ತದೆ. ಪರಿಚಯದ ಎಂಜಿನಿಯರ್ ಒಬ್ಬರು ಸುಲಭದ ಉಪಾಯ ಹೇಳಿಕೊಟ್ಟರು. ಬಿರುಕಿನ ಎರಡೂ ಬದಿಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು, ನಡುವಿನ ಅಂತರವನ್ನು ಅಳೆದು, ತಾರೀಖು ಬರೆಯುವುದು. ತಿಂಗಳಿಗೊಮ್ಮೆ ಅಳೆಯುವ ಕೆಲಸ ಮಗಳ ಪಾಲಿಗೆ ಬಂತು. ಮೇ ತಿಂಗಳವರೆಗೆ ಬಿರುಕು ಅಗಲವಾಗುತ್ತಾ ಹೋಯಿತು. ಶ್ರಾವಣದ ಹೊತ್ತಿಗೆ ಕಿರಿದಾಯಿತು. ಬೇರೇ ತಳ್ಳುತ್ತಿದ್ದರೆ ಅದು ಹಾಗೆ ಹಿಂದಕ್ಕೆ ಬರುತ್ತಿರಲಿಲ್ಲ. ಒಂದು ಕಡೆ ಮಾತ್ರ ನಿಜವಾಗಿಯೂ ಬೇರು ಗೋಡೆಯನ್ನು ಎತ್ತಿತ್ತು. ಅಲ್ಲಿ ನಾಲ್ಕಡಿ ಗೋಡೆ ಕೆಡವಿ, ಬೇರಿನ ಮೇಲೆ ಸೇತುವೆಯಂತೆ ಒಂದು ಲಿಂಟೆಲ್ ಕೂರಿಸಿ ನಮ್ಮ ಖರ್ಚಿನಲ್ಲಿ ಮತ್ತೆ ಕಟ್ಟಿಸಿದೆವು. ಹಾಗೆ ಕೆಡವುವಾಗ ಗೋಡೆಯ ಸಂದಿಯಲ್ಲಿ ಒಂದು ಅರಳಿ ಸಸಿ ಸಿಕ್ಕಿತು, ಹಕ್ಕಿ ಹಿಕ್ಕೆಯಿಂದ ಹುಟ್ಟಿದ್ದು. ಹತ್ತು ವರ್ಷ ಬಿಟ್ಟಿದ್ದರೆ ಬೇವು ಮಾಡದ ಹಾಳನ್ನು ಅದು ಮಾಡುತ್ತಿತ್ತು.

ವೈರಿನ ವಿಷಯದಲ್ಲಿ ನಾವ್ಯಾರೂ ಮರ ಹತ್ತುವ ಮಾತೇ ಇರಲಿಲ್ಲ. ಬೆಸ್ಕಾಂನ 1912ಕ್ಕೆ ಫೋನ್ ಮಾಡಿದೆವು. ಲೈನ್ ಆಫ್ ಮಾಡಿ, ತಂತಿಯ ಸುತ್ತಲಿನ ರೆಂಬೆ ಸವರಿ ಹೋದರು. ಇದನ್ನು ಓದುವ ಮಕ್ಕಳಿಗೆ ಒಂದು ಮಾತು: ತಂತಿ ಹಾದುಹೋದ ಮರಕ್ಕೆ ದೋಟಿ ಹಿಡಿದು ಹೋಗಬೇಡಿ. ಹಸಿ ಕೊಂಬೆಯಲ್ಲೂ ಕರೆಂಟ್ ಹರಿಯುತ್ತದೆ.

ಉಳಿದದ್ದು ಆ ದಪ್ಪ ಕೊಂಬೆ. ಅಣ್ಣಾರು ಎಲೆಯ ಬಗ್ಗೆ, ಗೋಡೆಯ ಬಗ್ಗೆ ಎಷ್ಟೋ ಮಾತಾಡಿದ್ದರು. ಕೊಂಬೆಯ ಬಗ್ಗೆ ಮಾತು ಬಂದಾಗ ಮಾತ್ರ ಸುಮ್ಮನಾಗುತ್ತಿದ್ದರು. ಒಂದು ದಿನ ಚಹಾ ಕುಡಿಯುವಾಗ ಅಕ್ಕಾರೇ ಬಾಯಿ ಬಿಟ್ಟರು: "ಮಗಳು ಬಾಣಂತನಕ್ಕೆ ಬರ್ತಾಳೆ. ಜೂನ್‌ನಾಗೆ ದಿನ. ತೊಟ್ಟಿಲು ಕಟ್ಟೋದು ಆ ಹಿಂದಿನ ರೂಮಿನಾಗೇ. ಮೇಲೆ ಬರೀ ತಗಡು. ಗಾಳಿ ಬಂದ್ರೆ ಇವರಿಗೆ ರಾತ್ರಿ ನಿದ್ದೆ ಇಲ್ಲ."

ಇಷ್ಟು ದಿನ ಕಸದ ಮಾತಿನ ಕೆಳಗೆ ಇದ್ದದ್ದು ಈ ಭಯ. ಗಂಡಸು ಗೇಟಿನಲ್ಲಿ ನಿಂತು 'ನನಗೆ ಹೆದರಿಕೆ' ಎನ್ನುವುದು ಕಷ್ಟ. 'ಕಸ ಬೀಳ್ತದೆ' ಎನ್ನುವುದು ಸುಲಭ.

ಮರ ಹತ್ತುವ ಅನುಭವಸ್ಥರೊಬ್ಬರನ್ನು ಕರೆಸಿ ಆ ಕೊಂಬೆ ತೋರಿಸಿದೆವು. ಅವರು ಕೆಳಗಿನಿಂದಲೇ ಕೈ ತೋರಿಸಿ, "ಅಲ್ಲಿ ದುಂಡನೆ ತೂತು ನೋಡ್ರಿ. ಕುಟುರ ಹಕ್ಕಿ ಕೊರೆದದ್ದು. ಅದು ಗಟ್ಟಿ ಮರಕ್ಕೆ ಕೊಕ್ಕು ಹಾಕಲ್ಲ. ಕೊಂಬೆ ಒಳಗೆ ಸತ್ತಿದೆ" ಎಂದರು. ಅಣ್ಣಾರ ಭಯ ಬರೀ ಭಯವಾಗಿರಲಿಲ್ಲ. ಮುಂಗಾರಿಗೆ ಮೊದಲು ನಮ್ಮಲ್ಲಿ ಬೀಸುವ ಬಿರುಗಾಳಿಗೆ ಆ ಕೊಂಬೆ ನಿಲ್ಲುವ ಭರವಸೆ ಇರಲಿಲ್ಲ. ಮಗಳ ಜೋಕಾಲಿ ಕಟ್ಟಿದ್ದೂ ಅದೇ ಕೊಂಬೆಯ ಬುಡಕ್ಕೆ.

ಇಲ್ಲಿ ಕಾನೂನಿನ ಮಾತೂ ಬರುತ್ತದೆ. ಇಂಗ್ಲೆಂಡಿನಲ್ಲಿ ವೆಬ್ ಎಂಬವರು ನೆರೆಯ ಲೆಮನ್ ಅವರ ಹಳೆಯ ಮರಗಳ ಕೊಂಬೆಗಳು ತಮ್ಮ ಜಾಗಕ್ಕೆ ಚಾಚಿದ್ದನ್ನು ಹೇಳದೆ ಕೇಳದೆ ಕಡಿಸಿದರು. 1894ರಲ್ಲಿ ಅಲ್ಲಿನ ಹೌಸ್ ಆಫ್ ಲಾರ್ಡ್ಸ್, ಪಕ್ಕದವರ ಜಾಗಕ್ಕೆ ಕಾಲಿಡದೆ ಗಡಿಯವರೆಗೆ ಕಡಿಯುವ ಹಕ್ಕು ಅವರಿಗಿದೆ ಎಂದಿತು. ಆದರೆ 1919ರ ಇನ್ನೊಂದು ಮೊಕದ್ದಮೆಯಲ್ಲಿ, ಹಾಗೆ ಚಾಚಿದ ಕೊಂಬೆಯ ಸೇಬುಹಣ್ಣು ಮಾರಿಕೊಂಡವನು ಅದರ ಬೆಲೆ ತೆರಬೇಕಾಯಿತು. ಕೊಂಬೆ ಎಲ್ಲಿಗೇ ಚಾಚಲಿ, ಹಣ್ಣು ಮರದ ಒಡೆಯನದೇ. ನಮ್ಮ ದೇಶದ ನ್ಯಾಯಾಲಯಗಳೂ ಗಡಿ ದಾಟಿದ ಕೊಂಬೆಯನ್ನು ನೆರೆಯವರಿಗೆ ಉಪದ್ರವವೆಂದು ಪರಿಗಣಿಸಿವೆ. ಅದರ ಜೊತೆಗೆ ನಮ್ಮಲ್ಲಿ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ, 1976 ಇದೆ. ಸ್ವಂತ ಅಂಗಳದ ಮರವಾದರೂ, ಕೆಲವು ವಿನಾಯಿತಿ ಪಡೆದ ಜಾತಿಗಳನ್ನು ಬಿಟ್ಟರೆ, ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಅನುಮತಿ ಬೇಕು. ಬುಡ ಉರುಳಿಸುವುದಷ್ಟೇ ಅಲ್ಲ, ಕೊಂಬೆ ಕಡಿದು ಬೋಳಿಸುವುದೂ ಅದರ ವ್ಯಾಪ್ತಿಗೆ ಬರುತ್ತದೆ. ಅರ್ಜಿಗೆ ನಾನು, ಅಣ್ಣಾರು ಇಬ್ಬರೂ ಸಹಿ ಹಾಕಿದೆವು. ಮರದ ಮಾಲೀಕ ಮತ್ತು ದೂರುದಾರ ಒಂದೇ ಹಾಳೆಯಲ್ಲಿ! ಸಿಬ್ಬಂದಿ ಬಂದು ನೋಡಿ, ಸತ್ತ ಕೊಂಬೆಯನ್ನು ತೆಗೆಯಬಹುದು, ಮರ ಇರಲಿ ಎಂದರು.

ಇನ್ನೇನು ಕಡಿಯಬೇಕು ಅನ್ನುವಷ್ಟರಲ್ಲಿ ಮಗಳು ತೂತಿನೊಳಗೆ ಮರಿ ಕೂಗುವುದನ್ನು ಕೇಳಿದಳು. ಅಂಗೈಯೊಳಗೆ ಹಿಡಿಸುವಷ್ಟು ಚಿಕ್ಕ ಹಕ್ಕಿ ಅದು. ಹಣೆ, ಎದೆಯ ಮೇಲೆ ಕೆಂಪು. ತಾಮ್ರ ಬಡಿದಂತೆ ಟುಕ್ ಟುಕ್ ಎಂದು ಕೂಗುತ್ತದೆ. ಏಪ್ರಿಲ್ ಕೊನೆ. ಗಾಳಿಯ ಕಾಲ ಶುರುವಾಗಿತ್ತು. ಹಕ್ಕಿಯ ಮರಿಗೆ ಕಾಯಬೇಕೇ, ಮನುಷ್ಯರ ಮಗುವಿಗೆ ಅವಸರಿಸಬೇಕೇ? ನಿರ್ಧರಿಸುವವರು ನಾವಲ್ಲ, ತಗಡಿನ ಕೆಳಗೆ ಮಲಗುವವರು. ಹಾಗಾಗಿ ಮಗಳನ್ನೇ ಅಣ್ಣಾರ ಮಾಳಿಗೆಗೆ ಕಳಿಸಿದೆ. ಅಲ್ಲಿಂದ ಗೂಡು ನೇರ ಎದುರಿಗೆ. ಇಬ್ಬರೂ ಅರ್ಧ ಗಂಟೆ ಕೂತು, ತಾಯಿಹಕ್ಕಿ ಹಣ್ಣು ಕಚ್ಚಿಕೊಂಡು ಒಳಗೆ ಹೋಗುವುದನ್ನು ನೋಡಿದರು. ಕೆಳಗಿಳಿದ ಅಣ್ಣಾರು, "ಅದೂ ಬಾಣಂತನಾನೇ ಅಲ್ಲೇನ್ರಿ. ಹಾರಿ ಹೋಗ್ಲಿ. ಅಲ್ಲೀತನಕ ನಾವು ಮುಂದಿನ ರೂಮಿನಾಗೆ ಮಲಗ್ತೀವಿ" ಎಂದರು.

ಮೂರು ವಾರಕ್ಕೆ ಗೂಡು ಬರಿದಾಯಿತು. ಮೇ ಕೊನೆಯಲ್ಲಿ ಕೊಂಬೆ ಇಳಿಸಿದೆವು. ಇದರಲ್ಲೂ ಒಂದು ಕ್ರಮವಿದೆ. ದಪ್ಪ ಕೊಂಬೆಯನ್ನು ಮೇಲಿನಿಂದ ಒಂದೇ ಏಟಿಗೆ ಕಡಿದರೆ ಅದು ಬೀಳುವಾಗ ಕಾಂಡದ ತೊಗಟೆಯನ್ನೂ ಸುಲಿದುಕೊಂಡು ಬರುತ್ತದೆ. ಕಾಂಡದಿಂದ ಒಂದೆರಡು ಅಡಿ ದೂರದಲ್ಲಿ ಮೊದಲು ಕೆಳಗಿನಿಂದ ಸ್ವಲ್ಪ ಕೊಯ್ಯಬೇಕು, ಆಮೇಲೆ ಅದಕ್ಕಿಂತ ಸ್ವಲ್ಪ ಆಚೆ ಮೇಲಿನಿಂದ. ಉಳಿದ ಮೋಟನ್ನು, ಕೊಂಬೆ ಕಾಂಡಕ್ಕೆ ಸೇರುವಲ್ಲಿ ಇರುವ ಉಬ್ಬನ್ನು ಬಿಟ್ಟು ಕೊಯ್ಯಬೇಕು. ಗಾಯ ಮುಚ್ಚುವ ತೊಗಟೆ ಬೆಳೆಯುವುದು ಆ ಉಬ್ಬಿನಿಂದಲೇ. ಅದಕ್ಕೆ ಟಾರು, ಪೇಂಟು ಬಳಿಯಬೇಕಿಲ್ಲ. ಅವು ಕೊಳೆಯನ್ನು ತಡೆಯುವುದಿಲ್ಲ ಎಂಬುದನ್ನು ಅಮೆರಿಕದ ಅರಣ್ಯ ವಿಜ್ಞಾನಿ ಅಲೆಕ್ಸ್ ಶೈಗೋ ಸಾವಿರಾರು ಮರಗಳನ್ನು ಸೀಳಿ ನೋಡಿ ಹೇಳಿದ್ದಾರೆ. ತಲೆ ಬೋಳಿಸುವುದಂತೂ ಬೇಡವೇ ಬೇಡ. ಹಾಗೆ ಮಾಡಿದಾಗ ಚಿಗುರುವ ಹೊಸ ರೆಂಬೆಗಳ ಬುಡ ಸಡಿಲ. ಮುಂದೆ ಗಾಳಿಗೆ ಮುರಿಯುವುದು ಅವೇ.

ಕೊಂಬೆಯ ಜೊತೆ ಜೋಕಾಲಿಯೂ ಹೋಯಿತು. ಅದನ್ನು ಕಟ್ಟುವಂಥ ಇನ್ನೊಂದು ಕೊಂಬೆ ಆ ಮರದಲ್ಲಿಲ್ಲ. ಆ ಬೇಸಿಗೆ ಮಗಳು ಅದಕ್ಕಾಗಿ ಬಹಳ ಸಲ ಮುನಿಸಿಕೊಂಡಳು. ಸಮಾಧಾನಕ್ಕೆಂದು ತೂತಿರುವ ತುಂಡನ್ನು ಮರದ ಕವಲಿಗೆ ಭದ್ರವಾಗಿ ಕಟ್ಟಿದೆವು. ಕುಟುರ ಹಕ್ಕಿ ಅದರ ಕಡೆ ತಿರುಗಿಯೂ ನೋಡಲಿಲ್ಲ. ಅಳಿಲೊಂದು ಸೇರಿಕೊಂಡಿತು.

ಜೂನ್‌ನಲ್ಲಿ ಪಕ್ಕದ ಮನೆಯ ಹಿಂದಿನ ರೂಮಿನಲ್ಲಿ ತೊಟ್ಟಿಲು ಕಟ್ಟಿದರು. ಗಂಡು ಮಗು.

ಈಗ ಯಾರಾದರೂ ಸಸಿ ನೆಡುವ ಮುನ್ನ ಬಂದು ಕೇಳಿದರೆ ನಾನು ಹೇಳುವುದಿಷ್ಟು: ಮೇಲೆ ನೋಡಿ, ತಂತಿ ಇದೆಯೇ? ಪಕ್ಕ ನೋಡಿ, ಗೋಡೆ ಎಷ್ಟು ದೂರ? ಬೇವಿನಂಥ ದೊಡ್ಡ ಮರವಾದರೆ ಗೋಡೆಯಿಂದ ಹದಿನೈದು ಅಡಿಯಾದರೂ ಬಿಡಿ. ಜಾಗ ಅಷ್ಟಿಲ್ಲದಿದ್ದರೆ ಕರಿಬೇವು, ದಾಳಿಂಬೆ, ನಿಂಬೆ ನೆಡಿ. ನೆಟ್ಟ ದಿನವೇ ಪಕ್ಕದ ಮನೆಯವರನ್ನೂ ಕರೆದು ಒಂದು ಚೊಂಬು ನೀರು ಹಾಕಿಸಿ. ಮುಂದೊಂದು ದಿನ ಅವರು ದೂರು ತಂದರೆ, ಉತ್ತರ ಕೊಡುವ ಮೊದಲು ಅವರ ಮಾಳಿಗೆ ಹತ್ತಿ ನೋಡಿ.