ಋಣ ಕಳೆದರೆ ಧನ

ಪ್ರೋಟಾನುಗಳ ಸಂಖ್ಯೆಯಲ್ಲಿ ಎಲೆಕ್ಟ್ರಾನುಗಳ ಸಂಖ್ಯೆಯನ್ನು ಕಳೆದರೆ ನಿವ್ವಳ ವಿದ್ಯುದಾವೇಶ. ಸೋಡಿಯಂ ಒಂದು ಎಲೆಕ್ಟ್ರಾನನ್ನು ಬಿಟ್ಟುಕೊಟ್ಟರೆ 11ರಲ್ಲಿ 10 ಹೋಗಿ +1. ಲೆಕ್ಕವೇನೋ ಸರಿ, ಕೊಟ್ಟವನು ಧನವಾಗುವುದೆಂತು? ನಮ್ಮ ಗುರುಗಳು, ‘ಋಣವೆಂದರೇನು?’ ಎಂದು ಕೇಳಿದರು. ಸಾಲ! ಸಾಲವನ್ನೇ ಕಂಡು ಬೆಳೆದ ಮಕ್ಕಳಿಗೆ ಮತ್ತೊಂದು ವಿವರಣೆ ಬೇಕಾಗಲಿಲ್ಲ. ಸಂಖ್ಯೆಗಳಿಗೆ ಧನ, ಋಣವೆಂಬ ಈ ಹೆಸರುಗಳನ್ನು 628ರಲ್ಲೇ ಬ್ರಹ್ಮಗುಪ್ತ ಬಳಸಿದ್ದ. ಇಂಗ್ಲಿಷಿನ ‘ನೆಗೆಟಿವ್’ನಲ್ಲಿ ಈ ಬೆಳಕು ನನಗಂತೂ ಕಾಣದು.

ಮುಳ್ಳನ್‌ಕೊಲ್ಲಿಯ ಕಡೆಯಿಂದ ಕಬಿನಿಯಲ್ಲಿ ದೋಣಿಯೇರಿ ಬೈರಕುಪ್ಪೆಗೆ ಜನ ದಾಟುತ್ತಾರೆ, ದಡ ದಾಟದು. ಹಾಗೆಯೇ ಹೋಗಿಬರುವುದು ಎಲೆಕ್ಟ್ರಾನು. ಪ್ರೋಟಾನು ಪರಮಾಣುಬೀಜ ಬಿಟ್ಟು ಕದಲದು. ಆ ಎಲೆಕ್ಟ್ರಾನನ್ನು ಪಡೆದ ಕ್ಲೋರಿನ್ನಿನಲ್ಲಿ ಪ್ರೋಟಾನು 17, ಎಲೆಕ್ಟ್ರಾನು 18, ಆವೇಶ -1. ಇವೆರಡರ ಸೆಳೆತದಿಂದಾದುದೇ ಅಡುಗೆಯ ಉಪ್ಪು. ಉಪ್ಪಿನ ಋಣವೆಂದು ಹಿರಿಯರು ಅನ್ನುತ್ತಿದ್ದುದು ಬೇರೆ ಅರ್ಥದಲ್ಲಿ. ಇಲ್ಲಿ ಒಟ್ಟು ಆವೇಶ ಸೊನ್ನೆ.