ಅಮ್ಮನ ಏಳು, ಕೀಬೋರ್ಡಿನ ನಾಲ್ಕು

ಕೀಬೋರ್ಡ್ ಆನ್ ಮಾಡಿದರೆ ಸಾಕು, ಟೆಂಪೋ 120, ತಾಳ 4/4 ಅಂತ ತಯಾರಾಗಿ ಕೂತಿರುತ್ತೆ. ನನ್ನ ಕೀಬೋರ್ಡಿನದೊಂದೇ ಹಟ ಅಲ್ಲ ಬಿಡಿ. ಮಿಡಿ ಫೈಲಿನಲ್ಲಿ ಇವೆರಡನ್ನೂ ಬರೆದಿಲ್ಲದಿದ್ದರೆ 120, 4/4 ಅಂತಲೇ ತಿಳಿಯಬೇಕು ಅನ್ನೋದು ನಿಯಮ. ನಮ್ಮಮ್ಮನ ಆರತಿ ಹಾಡು ಮಾತ್ರ ಮಿಶ್ರಛಾಪು. ಆವರ್ತಕ್ಕೆ ಏಳು ಅಕ್ಷರ... ತಕಿಟ ತಕಧಿಮಿ.

ಮುಂದಿನ ತಿಂಗಳು ತಂಗಿಯ ಮದುವೆ. ಹಸೆಮಣೆ ಮುಂದೆ ಅಮ್ಮನೇ ಹಾಡಬೇಕು ಅಂತ ಅವಳ ಆಸೆ. ಆದರೆ ಆಪರೇಷನ್ ಆದಮೇಲೆ ಅಮ್ಮನಿಗೆ ಮೊದಲಿನ ಹಾಗೆ ಉಸಿರು ನಿಲ್ಲುತ್ತಿಲ್ಲ. ಜೊತೆಗೊಂದು ವಾದ್ಯ ಇದ್ದರೆ ಆಸರೆ ಅಂತ ನಾನು ರೆಕಾರ್ಡಿಂಗಿಗೆ ಕೂತೆ.

ಮೊದಲು ಹೊಂದಿಸಬೇಕಾದ್ದು ತಾಳ. ಆದಿತಾಳದ ಎಂಟು ಅಕ್ಷರ ಎರಡು 4/4 ಬಾರ್‌ಗಳಲ್ಲಿ ತಣ್ಣಗೆ ಕೂರುತ್ತೆ. ಏಳನ್ನು ನಾಲ್ಕಕ್ಕೆ ಕೂರಿಸಿದರೆ ಮೆಟ್ರೋನೋಮಿನ 'ಒಂದು', ಹಾಡಿನ 'ಒಂದು' ಮತ್ತೆ ಸೇರೋದು 28 ಅಕ್ಷರ ಆದಮೇಲೆ! ಅಷ್ಟರಲ್ಲಿ ಹಾಡುವವರ ಗತಿ ಏನು ಹೇಳಿ? ಅದಕ್ಕೇ ಮೆನುವಿಗೆ ಹೋಗಿ 7/8 ಮಾಡಿದೆ. ಆಗಲೂ ಗಂಟೆ ಹೊಡೆಯೋದು ಏಳಕ್ಕೊಂದು ಸಲ ಅಷ್ಟೇ. ಮೂರಾದಮೇಲೆ ನಾಲ್ಕು ಅನ್ನೋ ಆ ವಾಲಾಟವನ್ನು ನಮ್ಮ ಕೈಯೇ ತರಬೇಕು.

ಇನ್ನು ಟೆಂಪೋ. 120ಕ್ಕೆ ಒಂದು ಸಲ ಕೇಳಿಸಿದ್ದಕ್ಕೆ ಅಮ್ಮ, "ಯಾರೋ ಅಟ್ಟಿಸ್ಕೊಂಡು ಬಂದ ಹಾಗಿದೆ ಕಣೋ" ಅಂದಳು. ಸರಿ, "ನಿನ್ನ ಪಾಡಿಗೆ ನೀನು ಹಾಡಮ್ಮ" ಅಂತ ಹೇಳಿ ಮೊಬೈಲಿನಲ್ಲಿ ಸ್ಟಾಪ್‌ವಾಚ್ ಹಿಡಿದೆ. ಹತ್ತು ಆವರ್ತಕ್ಕೆ 30 ಸೆಕೆಂಡು. ಅಂದರೆ ನಿಮಿಷಕ್ಕೆ 140 ಅಕ್ಷರ. ನನ್ನ ಕೀಬೋರ್ಡು ಟೆಂಪೋ ಎಣಿಸೋದು ಕ್ವಾರ್ಟರ್ ನೋಟಿನ ಲೆಕ್ಕದಲ್ಲಿ. 7/8ರಲ್ಲಿ ಒಂದೊಂದು ಅಕ್ಷರ ಅದರ ಅರ್ಧ, ಹಾಗಾಗಿ ಇಡಬೇಕಾದ ಸಂಖ್ಯೆ 70.

ಮಿಡಿ ರೆಕಾರ್ಡಿಂಗಿನ ಒಂದು ಉಪಕಾರ ನೋಡಿ. ಅದು ಸದ್ದನ್ನು ಹಿಡಿಯೋದಿಲ್ಲ. ಯಾವ ಮನೆ ಒತ್ತಿದ್ರಿ, ಯಾವಾಗ, ಎಷ್ಟು ಜೋರಾಗಿ, ಯಾವಾಗ ಬಿಟ್ರಿ ಅಂತ ಬರೆದಿಡುತ್ತೆ. ಹಾಗಾಗಿ 50ರಲ್ಲಿ ನಿಧಾನಕ್ಕೆ ನುಡಿಸಿ ಆಮೇಲೆ 70ಕ್ಕೆ ಏರಿಸಿದರೂ ಶ್ರುತಿ ಒಂದಿಷ್ಟೂ ಅಲ್ಲಾಡಲ್ಲ. ಸಾಧಾರಣ ವಾದಕರಿಗೆ ಇದಕ್ಕಿಂತ ವರ ಬೇಕೆ? ತಾಳದ ಸಂಗತಿ ಹಾಗಲ್ಲ. ಬಾರ್ ಲೆಕ್ಕದಲ್ಲಿ ತಿದ್ದೋದು, ಇನ್ನೊಂದು ಟ್ರ್ಯಾಕ್ ಸೇರಿಸೋದು ಎಲ್ಲಾ ಅದರ ಮೇಲೆ ನಿಂತಿರುತ್ತೆ. ಅದನ್ನ ರೆಕಾರ್ಡ್ ಒತ್ತೋ ಮುಂಚೆಯೇ ಇಟ್ಟುಬಿಡಬೇಕು.

ಎಲ್ಲಾ ಆದಮೇಲೂ ಒಂದು ತೊಡಕು ಉಳೀತು. ಪಲ್ಲವಿ ಮುಗಿದು ಮುಂದಿನ ನುಡಿ ಎತ್ತಿಕೊಳ್ಳೋ ಹೊತ್ತಿಗೆ ಅಮ್ಮನಿಗೆ ಏದುಸಿರು. ಟೆಂಪೋ ಇನ್ನೂ ಇಳಿಸಿದರೆ ಒಂದೊಂದು ಸಾಲೂ ಉದ್ದವಾಗಿ ಮತ್ತಷ್ಟು ಉಸಿರು ಬೇಕು. ನಿಧಾನ ಮಾಡಿದ್ದೆಲ್ಲ ಸುಲಭ ಆಗಲ್ಲ! ಕೊನೆಗೆ ಪ್ರತಿ ಪಲ್ಲವಿಯ ನಂತರ ಒಂದು ಆವರ್ತ ಬರೀ ಶ್ರುತಿ ಹಿಡಿದು ಬಿಟ್ಟೆ. ಲೆಕ್ಕ ಹಾಕಿದರೆ ಸರಿಯಾಗಿ ಮೂರು ಸೆಕೆಂಡು.

ಕೇಳುವವರಿಗೆ ಅದು ವಾದ್ಯದ ಬಿಡ್ತಿ ಅನ್ನಿಸುತ್ತೆ. ಅಮ್ಮನಿಗೆ ಅದು ಒಂದು ಉಸಿರು. ನಿಮ್ಮ ಮನೆಯ ಹಿರಿಯರ ಹಾಡು ಹಿಡಿದಿಡಬೇಕು ಅಂತಿದ್ದರೆ, ಮೊದಲು ಅವರ ಕೈತಾಳ ಎಣಿಸಿ. ಬಟನ್ ಆಮೇಲೆ ಒತ್ತಬಹುದು.