ಭದ್ರಾವತಿಯಿಂದ ಅಕ್ಕನಿಗೆ

ಭದ್ರಾವತಿ,
ಭಾನುವಾರ ರಾತ್ರಿ

ಪ್ರೀತಿಯ ಅಕ್ಕ,

ನಾನು ಕ್ಷೇಮ. ನಿನ್ನೆ ಸಂಜೆಯಿಂದ ನೀನೂ ಅಮ್ಮನೂ ಹನ್ನೊಂದು ಸಲ ಫೋನ್ ಮಾಡಿದ್ದು, ಇವತ್ತು ಮಧ್ಯಾಹ್ನ ನೀನು ಹೇಳಿದ ಮೇಲೇ ನನಗೆ ಗೊತ್ತಾಗಿದ್ದು. ಅಮ್ಮ ರಾತ್ರಿ ಊಟ ಬಿಟ್ಟು ಕೂತಿದ್ದಳು ಅಂದೆಯಲ್ಲ, ಅದನ್ನು ಕೇಳಿದಾಗಿನಿಂದ ಮನಸ್ಸಿಗೆ ಸಮಾಧಾನವಿಲ್ಲ. ಆಗ "ಸರಿಹೋಯಿತು" ಎಂದಷ್ಟೇ ಹೇಳಿದೆ. ಆದದ್ದನ್ನೆಲ್ಲ ಇಲ್ಲಿ ಬರೆಯುತ್ತಿದ್ದೇನೆ, ಅಮ್ಮನಿಗೆ ನಿಧಾನವಾಗಿ ಓದಿ ಹೇಳು.

ಶನಿವಾರ ಶಿವಮೊಗ್ಗದ ಕೆಲಸ ಬೇಗ ಮುಗಿಯಿತು. ಗಾಂಧಿ ಬಜಾರಿನಲ್ಲಿ ಸುತ್ತಾಡಿ, ಕೋಟೆ ಆಂಜನೇಯನ ಗುಡಿಗೆ ಹೋಗಿ, ತುಂಗೆಯ ದಡದಲ್ಲಿ ಕೂತಿದ್ದೆ. ಹೊಳೆ ತುಂಬಿ ಹರಿಯುತ್ತಿತ್ತು. ಆಗ ಒಂದು ಫೋನ್ ಬಂತು. "ಕೊರಿಯರ್‌ನಿಂದ ಸಾರ್, ನಿಮ್ಮ ಪಾರ್ಸೆಲ್ಲಿನ ವಿಳಾಸ ಸಿಗುತ್ತಿಲ್ಲ. ಡೆಲಿವರಿ ಹುಡುಗನ ನಂಬರ್ ಮೆಸೇಜ್ ಮಾಡಿದ್ದೇನೆ, ಹಾಗೇ ಒತ್ತಿ ಮಾತಾಡಿ" ಎಂದ. ಅಮ್ಮನಿಗೆ ಬಿಪಿ ಯಂತ್ರ ತರಿಸಿದ್ದೆನಲ್ಲ, ಅದೇ ಇರಬೇಕು ಅಂದುಕೊಂಡೆ. ಮೆಸೇಜಿನಲ್ಲಿದ್ದದ್ದು *21* ಎಂದು ಶುರುವಾಗಿ, ನಡುವೆ ಹತ್ತು ಅಂಕಿ ಇದ್ದು, ಕೊನೆಗೆ # ಇದ್ದ ನಂಬರ್. ಒತ್ತಿದೆ. ಪರದೆ ಮೇಲೆ ಏನೋ ಬರಹ ಮೂಡಿ ಹೋಯಿತು, ಓದಲಿಲ್ಲ.

ಅಲ್ಲಿಂದ ಮುಂದೆ ನನಗೆ ಒಂದು ಕರೆಯೂ ಬರಲಿಲ್ಲ. ನಾನು ಮಾಡಿದರೆ ಹೋಗುತ್ತಿತ್ತು, ಇಂಟರ್‌ನೆಟ್ ನಡೆಯುತ್ತಿತ್ತು, ಮೆಸೇಜು ಬರುತ್ತಿತ್ತು. ಹಾಗಿದ್ದ ಮೇಲೆ ಅನುಮಾನ ಯಾಕೆ ಬಂದೀತು?

ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಭದ್ರಾವತಿಗೆ ಬಂದೆ. ಬಂದ ಕೂಡಲೇ ಫೋನ್ ಮಾಡುತ್ತೇನೆ ಎಂದಿದ್ದರು ಮಾವ. ಮುಕ್ಕಾಲು ಗಂಟೆ ಕಾದೆ. ಕೊನೆಗೆ ನೋಡಿದರೆ ಬಸ್ ಸ್ಟ್ಯಾಂಡಿನ ಆಚೆ ಬದಿಯಲ್ಲಿ, ಬಿಸಿಲಿನಲ್ಲಿ, ಫೋನು ಕಿವಿಗಿಟ್ಟುಕೊಂಡು ನಿಂತಿದ್ದಾರೆ. "ರಿಂಗ್ ಆಗ್ತಾನೇ ಇದೆಯಲ್ಲೋ, ಯಾಕೆ ಎತ್ತಲ್ಲ?" ಎಂದರು. ನನ್ನ ಕೈಯಲ್ಲಿದ್ದ ಫೋನಿನಿಂದ ಸದ್ದೇ ಇಲ್ಲ.

ತಿಳಿದದ್ದನ್ನೆಲ್ಲ ಮಾಡಿದೆವು. ಅರ್ಧಚಂದ್ರದ ಗುರುತಿನ 'ಡು ನಾಟ್ ಡಿಸ್ಟರ್ಬ್' ಆನ್ ಆಗಿದೆಯೇ ನೋಡಿದೆ, ಇರಲಿಲ್ಲ. ಬ್ಲಾಕ್ ಪಟ್ಟಿ ಖಾಲಿ. ರೀಚಾರ್ಜ್ ಅವಧಿ ಮುಗಿದರೆ ಒಳಬರುವ ಕರೆಯೂ ನಿಲ್ಲುತ್ತದೆ, ಆದರೆ ಇನ್ನೂ ನಲವತ್ತು ದಿನ ಬಾಕಿಯಿತ್ತು. ಸಿಮ್ ತೆಗೆದು ಒರೆಸಿ ಹಾಕಿದರೂ ಅಷ್ಟೇ. ಹತ್ತಿರದ ಮೊಬೈಲ್ ರಿಪೇರಿ ಅಂಗಡಿಗೆ ಹೋದೆವು. ಅಲ್ಲಿನ ಹುಡುಗ ತನ್ನ ಫೋನಿನಿಂದ ನನಗೆ ಕರೆ ಮಾಡಿ ಕೇಳಿಸಿಕೊಂಡ, ಆಮೇಲೆ ನನ್ನ ಫೋನಿನಲ್ಲಿ *#21# ಒತ್ತಿದ. ನನ್ನ ಕರೆಗಳೆಲ್ಲ ಬೇರೊಂದು ನಂಬರಿಗೆ ಫಾರ್ವರ್ಡ್ ಆಗುತ್ತಿವೆ ಎಂದು ಪರದೆಯಲ್ಲೇ ಬಂತು. ನಂಬರ್ ನನಗೆ ಗುರುತಿಲ್ಲದ್ದು. ##002# ಒತ್ತಿ ಎಲ್ಲ ಫಾರ್ವರ್ಡನ್ನೂ ಅಳಿಸಿದ. ಮಾವ ಮತ್ತೆ ಕರೆ ಮಾಡಿದರು. ರಿಂಗಾಯಿತು. ದುಡ್ಡು ಕೊಡಹೋದರೆ ಆ ಹುಡುಗ ತೆಗೆದುಕೊಳ್ಳಲಿಲ್ಲ.

ಕರೆ ಕದ್ದು ಆ ಕೊರಿಯರ್ ನೆಪದ ಮೋಸಗಾರರಿಗೇನು ಲಾಭ ಅಂತ ನೀನು ಕೇಳಬಹುದು. ಬೇರೆ ಫೋನಿನಲ್ಲಿ ನನ್ನ ವಾಟ್ಸಾಪ್ ತೆರೆಯಲು ಆರಂಕಿಯ ಕೋಡ್ ಬೇಕು. ಮೆಸೇಜಿನಲ್ಲಿ ಬಂದರೆ ಅದು ನನ್ನ ಕೈಗೆ ಬರುತ್ತದೆ. ಕರೆ ಮಾಡಿ ಹೇಳಿ ಎಂದು ಕೇಳಿಕೊಂಡರೆ ಆ ಕರೆ ಅವರಿಗೇ ಹೋಗುತ್ತದೆ. ನಿನ್ನೆ ರಾತ್ರಿ ನಾನು ಕೇಳದೇ ಇದ್ದ ಒಂದು ಕೋಡ್ ಬಂದಿತ್ತು. ಕಳೆದ ದೀಪಾವಳಿಯಲ್ಲಿ ನಮ್ಮ ಪುಟ್ಟ ನನ್ನ ವಾಟ್ಸಾಪಿಗೆ 'ಟು ಸ್ಟೆಪ್' ಪಿನ್ ಹಾಕಿಕೊಟ್ಟಿದ್ದ, ಅದೊಂದೇ ನನ್ನನ್ನು ಉಳಿಸಿದ್ದು. ಇಲ್ಲದಿದ್ದರೆ ನನ್ನ ಹೆಸರಿನಲ್ಲಿ ನಿನ್ನ ಹತ್ತಿರ, ಭಾವನ ಹತ್ತಿರ ದುಡ್ಡು ಕೇಳುತ್ತಿದ್ದರು. ನೀವು ಕೊಟ್ಟೂಬಿಡುತ್ತಿದ್ದಿರಿ. ಇದೇ ಮೋಸಕ್ಕೆ ಬಳಕೆಯಾಗುತ್ತಿದ್ದ *401# ಎಂಬ ಕರೆ ಫಾರ್ವರ್ಡ್ ಸೇವೆಯನ್ನು 2024ರ ಏಪ್ರಿಲ್ 15ರಿಂದ ನಿಲ್ಲಿಸಬೇಕೆಂದು ದೂರಸಂಪರ್ಕ ಇಲಾಖೆ ಕಂಪನಿಗಳಿಗೆ ಹೇಳಿತ್ತಂತೆ. ಆದರೂ ನನ್ನ ಫೋನಿನಲ್ಲಿ *21* ಕೆಲಸ ಮಾಡಿತು. ಈ ಬಾಗಿಲನ್ನೂ ಮುಚ್ಚಬೇಕು. ಅದೇ ಇಲಾಖೆಯ ಸಂಚಾರ ಸಾಥಿ ತಾಣದ 'ಚಕ್ಷು'ವಿನಲ್ಲಿ ಆ ನಂಬರಿನ ಮೇಲೆ ದೂರು ಕೊಟ್ಟಿದ್ದೇನೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಬೇಕು.

ಮಾವನ ಮನೆ ನ್ಯೂಟೌನಿನಲ್ಲೇ ಇದೆ. ಊರಿಗೆ ಹಿಂದೆ ಬೆಂಕಿಪುರ ಎಂಬ ಹೆಸರಿತ್ತು, ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಕೆಲಸ ಶುರುಮಾಡಿತು ಎಂದೆಲ್ಲ ಊಟದ ಹೊತ್ತಿನಲ್ಲಿ ಹೇಳಿದರು. ಇಲ್ಲಿನ ಕಾಗದದ ಕಾರ್ಖಾನೆ ಎಂಪಿಎಂನಲ್ಲಿ ಕಾಗದ ಮಾಡುವುದು ನಿಂತು ವರ್ಷಗಳಾದವು. ಮಾವ ಜೋಪಾನ ಮಾಡಿಟ್ಟಿದ್ದ ಅಲ್ಲಿಯ ಹಾಳೆಯಲ್ಲೇ ಇದನ್ನು ಬರೆದಿದ್ದೇನೆ. ನಾಳೆ ತುಂಗೆ ಭದ್ರೆ ಸೇರುವ ಕೂಡಲಿಗೆ ಕರೆದುಕೊಂಡು ಹೋಗುತ್ತಾರಂತೆ.

ಈ ಕಾಗದ ಕೈಸೇರಿದ ದಿನವೇ ಅಮ್ಮನ ಫೋನಿನಲ್ಲೂ ನಿನ್ನದರಲ್ಲೂ *#21# ಒತ್ತಿ ನೋಡು. ವಾಟ್ಸಾಪಿಗೆ ಪಿನ್ ಹಾಕಿಸು. ಯಾರೇ ಹೇಳಲಿ, ಸ್ಟಾರ್ ಇಂದ ಶುರುವಾಗುವ ನಂಬರನ್ನು ಅಮ್ಮ ಒತ್ತಬಾರದು, ಮೊದಲು ನಿನ್ನನ್ನು ಕೇಳಲಿ.

ನಿನ್ನ ತಮ್ಮ